ಹಜಾರದಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು: ಪಾರ್ಕಿನ್ಸನ್ ರೋಗಿಯ ಮನೆಯಲ್ಲಿ ಕ್ಯಾಮೆರಾ ಬಳಕೆಯ ಪ್ರಕರಣ ಅಧ್ಯಯನ

ನಡುಕ ಮತ್ತು ನಡಿಗೆಯ ತೊಂದರೆ ತರುವ ಪಾರ್ಕಿನ್ಸನ್ ಎಂಬ ಮಿದುಳಿನ ಕಾಯಿಲೆಯಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಅವರ ಪತ್ನಿ ಶಿವಮೊಗ್ಗದ ತಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಿದ್ದಾರೆ. ಕಳ್ಳತನ ತಡೆಯಲೆಂದು ಅಂಗಡಿಗಳಲ್ಲಿ ಮಾರುವ ಸಾಮಾನ್ಯ ವೈಫೈ ಕ್ಯಾಮೆರಾಗಳನ್ನು ಆ ಆರೈಕೆಗೆ ಬಳಸಿದಾಗ ಅವರಿಗೆ ಒದಗಿದ ಪ್ರಯೋಜನವೇನು, ತಲೆದೋರಿದ ತೊಡಕುಗಳೇನು ಎಂಬುದನ್ನು ಮನೆ ಆರೈಕೆ ತಂಡವೊಂದರ ಸಮಾಜ ಕಾರ್ಯಕರ್ತೆಯಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ದಂಪತಿಯ ಒಪ್ಪಿಗೆ ಪಡೆದು ಬರೆದ ಈ ಅಧ್ಯಯನದಲ್ಲಿ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂತಹ ಮನೆಗಳಿಂದ ನಮಗೆ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದಾಗಿರುತ್ತದೆ. ಅದಕ್ಕಿಂತ ಮೊದಲು, ಕ್ಯಾಮೆರಾದಲ್ಲಿ ಕಂಡದ್ದಕ್ಕೆ ಎದ್ದು ಬರುವವರು ಯಾರು, ಕಂಡದ್ದನ್ನು ಯಾರ ಮುಂದೆ ಇಡಬೇಕು ಎಂದು ಕೇಳಿಕೊಳ್ಳಬೇಕೆಂಬುದು ಈ ಪ್ರಕರಣದಿಂದ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ.

ಹಿನ್ನೆಲೆ

ಪತಿಗೆ 64 ವರ್ಷ. ಬಲಗೈ ನಡುಕದಿಂದ ಆರಂಭವಾದ ಕಾಯಿಲೆ ಪತ್ತೆಯಾಗಿ ಒಂಬತ್ತು ವರ್ಷಗಳಾಗಿವೆ. ಮೊದಲ ನಾಲ್ಕೈದು ವರ್ಷ ಮಾತ್ರೆಗಳ ಬಲದಿಂದ ಅವರು ಕೆಲಸವನ್ನೂ ಮಾಡಿಕೊಂಡಿದ್ದರು. ಸಹಿ ಸಣ್ಣದಾಗುತ್ತ ಬಂದು, ಲೆಡ್ಜರಿನ ಸಾಲುಗಳಲ್ಲಿ ಕೈ ನಿಲ್ಲದಂತಾದಾಗ ಸ್ವಯಂ ನಿವೃತ್ತಿ ಪಡೆದರು. ಪತ್ನಿಗೆ 57 ವರ್ಷ. ಊರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮನೆ ಖರ್ಚು, ಔಷಧದ ಖರ್ಚು ಮತ್ತು ಮನೆಯ ಸಾಲದ ಉಳಿದ ಕಂತುಗಳು ಅವರ ಸಂಬಳವನ್ನೇ ನೆಚ್ಚಿಕೊಂಡಿದ್ದುದರಿಂದ ಅವರು ಕೆಲಸ ಬಿಡುವಂತಿರಲಿಲ್ಲ. ಒಬ್ಬಳೇ ಮಗಳು ಗಂಡನೊಂದಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಒಬ್ಬ ಹೆಂಗಸು ಬಂದು ಸ್ನಾನ, ಊಟ, ಮಾತ್ರೆಗಳನ್ನು ನೋಡಿಕೊಳ್ಳುತ್ತಿದ್ದರು. ಎರಡರಿಂದ ಸಂಜೆ ಐದೂವರೆಯವರೆಗೆ ಪತಿ ಒಬ್ಬರೇ.

ಆ ಹೊತ್ತಿನಲ್ಲಿಯೇ ಒಂದು ಮಧ್ಯಾಹ್ನ ಅವರು ಹಜಾರ ಮತ್ತು ಮಲಗುವ ಕೋಣೆಯ ನಡುವಿನ ಹೊಸ್ತಿಲ ಬಳಿ ಬಿದ್ದರು. ಎಲುಬು ಮುರಿಯಲಿಲ್ಲ. ಆದರೆ ಏಳಲಾಗದೆ, ಕೂಗಿದರೂ ಧ್ವನಿ ಹೊರಗೆ ಕೇಳದೆ, ಪತ್ನಿ ಬಂದು ಬಾಗಿಲು ತೆರೆಯುವವರೆಗೆ ಎರಡು ಗಂಟೆಗೂ ಹೆಚ್ಚು ಹೊತ್ತು ತಣ್ಣನೆಯ ನೆಲದ ಮೇಲೆಯೇ ಇದ್ದರು. ಈ ಕಾಯಿಲೆಯಲ್ಲಿ ಧ್ವನಿಯೂ ಕುಗ್ಗುತ್ತದೆ ಎಂಬುದನ್ನು ನಾವು ಹಲವು ಸಲ ಮರೆಯುತ್ತೇವೆ. ಕರೆದರೆ ಕೇಳುತ್ತದೆ ಎಂಬ ನಂಬಿಕೆಯ ಮೇಲೆ ಮಾಡಿದ ಏರ್ಪಾಡುಗಳೆಲ್ಲ ಅಲ್ಲಿ ಕುಸಿಯುತ್ತವೆ. ವಯಸ್ಸಾದವರು ಬಿದ್ದಾಗ ಪೆಟ್ಟಿನಷ್ಟೇ ಅಪಾಯ ಬಹಳ ಹೊತ್ತು ಬಿದ್ದುಕೊಂಡೇ ಇರುವುದರಲ್ಲಿದೆ. ಒತ್ತಡದ ಹುಣ್ಣು, ನಿರ್ಜಲೀಕರಣ, ಸ್ನಾಯುಗಳು ಜಜ್ಜಿ ಮೂತ್ರಪಿಂಡಕ್ಕೆ ಹಾನಿ ಇವೆಲ್ಲ ಆ ಗಂಟೆಗಳ ಫಲ. ಅದಾದ ವಾರದಲ್ಲೇ ಮಗಳು ಫೋನಿನಲ್ಲಿ ಎರಡು ಕ್ಯಾಮೆರಾಗಳನ್ನು ತರಿಸಿ ಕಳುಹಿಸುವ ಮಾತೆತ್ತಿದಳು. ನಮ್ಮ ತಂಡವನ್ನು ಅವರು ಸಂಪರ್ಕಿಸಿದ್ದು ಆಗ.

ಒಪ್ಪಿಗೆಯ ಮಾತು

ಕ್ಯಾಮೆರಾದ ವಿಷಯವನ್ನು ತಾಯಿ ಮತ್ತು ಮಗಳು ತಮ್ಮೊಳಗೆ ತೀರ್ಮಾನಿಸಿಬಿಟ್ಟಿದ್ದರು. ಪತಿಯ ಬುದ್ಧಿಶಕ್ತಿ ಚುರುಕಾಗಿಯೇ ಇತ್ತು. ಮಾತು ನಿಧಾನ, ಮುಖದಲ್ಲಿ ಭಾವ ಕಡಿಮೆ. ಅದನ್ನೇ ಜನ ತಿಳಿವಳಿಕೆಯ ಕೊರತೆ ಎಂದುಕೊಳ್ಳುತ್ತಿದ್ದರು. ಅವರ ಎದುರಿಗೆ ಕುಳಿತು ವಿಷಯ ತಿಳಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, "ಬ್ಯಾಂಕಿನಲ್ಲಿ ಕ್ಯಾಮೆರಾ ಇದ್ದದ್ದು ಕಳ್ಳರಿಗೋಸ್ಕರ. ಈ ಮನೆಯಲ್ಲಿ ಯಾರನ್ನ ಹಿಡಿಯೋದಕ್ಕೆ?" ಎಂದು ಕೇಳಿದರು. ಪತ್ನಿ, "ರೀ, ನಿಮ್ಮನ್ನ ಹಿಡಿಯೋದಕ್ಕಲ್ಲ. ನೀವು ಬಿದ್ದಾಗ ನನಗೆ ಗೊತ್ತಾಗಲಿ ಅಂತ" ಎಂದರು. ಅವರು ಮರುದಿನ ಉತ್ತರ ಕೊಡುವುದಾಗಿ ಹೇಳಿದರು. ಆ ಒಂದು ದಿನ ಕಾದದ್ದು ಒಳ್ಳೆಯದಾಯಿತು, ಏಕೆಂದರೆ ಅವರು ಒಪ್ಪಿಗೆಯೊಂದಿಗೆ ಷರತ್ತುಗಳನ್ನೂ ಕೊಟ್ಟರು. ಬಚ್ಚಲುಮನೆಗೆ ಕ್ಯಾಮೆರಾ ಬರಕೂಡದು, ಬಟ್ಟೆ ಬದಲಿಸುವ ಮೂಲೆ ಚಿತ್ರದಲ್ಲಿ ಕಾಣಕೂಡದು. ದಾಖಲೆಯನ್ನು ಹೆಂಡತಿ, ಮಗಳು, ವೈದ್ಯರು ಇವರನ್ನು ಬಿಟ್ಟು ಯಾರಿಗೂ ಕಳುಹಿಸಕೂಡದು. ಮಲಗುವ ಕೋಣೆಯ ಕ್ಯಾಮೆರಾವನ್ನು ತಾವೇ ಆರಿಸಬಲ್ಲಂತೆ ಅದರ ಸ್ವಿಚ್ಚು ಮಂಚದ ಪಕ್ಕದಲ್ಲಿ ಕೈಗೆಟುಕುವಂತಿರಬೇಕು. ಕೊನೆಯ ಷರತ್ತಿಗೆ ಮಗಳು ಆಕ್ಷೇಪಿಸಿದಳು. "ಅಪ್ಪ ಆರಿಸಿ ಮಲಗಿಬಿಟ್ಟರೆ ಹಾಕಿ ಏನು ಉಪಯೋಗ?" ಎಂಬುದು ಅವಳ ವಾದ. ಸ್ವಿಚ್ಚು ಕೊಡದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲಾಗದು ಎಂದು ನಾನು ಅವಳಿಗೆ ತಿಳಿಸಿದೆ. ತಾಯಿಯೂ ನನ್ನ ಮಾತಿಗೆ ದನಿಗೂಡಿಸಿದರು. ಸ್ವಿಚ್ಚನ್ನು ಅವರು ಅಪರೂಪಕ್ಕೆ ಬಳಸಿದರು, ಹೆಚ್ಚಾಗಿ ಹಳೆಯ ಸ್ನೇಹಿತರು ಬಂದು ಕುಳಿತಾಗ.

ಕಾನೂನಿನ ನೆಲೆಯಲ್ಲಿ ಈ ವಿಷಯ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕುಟುಂಬಕ್ಕೆ ತಿಳಿಸುವುದು ನಮ್ಮ ರೂಢಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರ ತೆಗೆಯುವುದು ಅಥವಾ ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ತಮ್ಮ ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಎಂದರೆ, ಹಜಾರದ ಕ್ಯಾಮೆರಾವನ್ನು ಯಾವಾಗ ನೋಡಬೇಕು, ಯಾರು ನೋಡಬೇಕು, ಎಷ್ಟು ದಿನ ಉಳಿಸಿಕೊಳ್ಳಬೇಕು ಎಂಬ ದಿನನಿತ್ಯದ ಪ್ರಶ್ನೆಗಳನ್ನು ಬಹುಮಟ್ಟಿಗೆ ಮನೆಯವರ ವಿವೇಚನೆಗೇ ಬಿಡಲಾಗಿದೆ. ಆದಕಾರಣ ಆ ನಿಯಮಗಳನ್ನು ಒಂದು ಹಾಳೆಯ ಮೇಲೆ ಬರೆದು, ಇಬ್ಬರೂ ಸಹಿ ಮಾಡಿ, ಕ್ಯಾಲೆಂಡರಿನ ಪಕ್ಕ ತೂಗುಹಾಕಿದರು. ಪತಿಯ ಸಹಿ ಅಕ್ಕಿಕಾಳಿನಷ್ಟು ಚಿಕ್ಕದಾಗಿತ್ತು.

ಜೋಡಣೆ

ಹಜಾರದ ಕ್ಯಾಮೆರಾವನ್ನು ಟಿವಿಯ ಮೇಲಿನ ಗೂಡಿನಲ್ಲಿಟ್ಟು, ಅವರು ಕೂರುವ ಕುರ್ಚಿ, ಹೊಸ್ತಿಲು ಮತ್ತು ನಡುವಿನ ನೆಲ ಕಾಣುವಂತೆ ತಿರುಗಿಸಲಾಯಿತು. ಮಲಗುವ ಕೋಣೆಯದು ಮಂಚದ ಅಂಚನ್ನೂ ಅದರ ಪಕ್ಕದ ನೆಲವನ್ನೂ ನೋಡುತ್ತಿತ್ತು; ಬಟ್ಟೆ ಬದಲಿಸುವ ಮೂಲೆಯನ್ನು ಆ್ಯಪ್‌ನಲ್ಲಿಯೇ ಕಪ್ಪು ಮಾಡಲಾಯಿತು. ದಾಖಲೆ ಕಂಪನಿಯ ಸರ್ವರಿಗೆ ಹೋಗುವ ಬದಲು ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಉಳಿದು, ಆರೇಳು ದಿನಗಳ ನಂತರ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುವಂತೆ ಇರಿಸಿದ್ದು ಉದ್ದೇಶಪೂರ್ವಕವಾಗಿಯೇ. ಪೆಟ್ಟಿಗೆಯೊಂದಿಗೆ ಬಂದ ಪಾಸ್‌ವರ್ಡನ್ನು ಬದಲಿಸಿ, ಲಾಗಿನ್ ಆಗುವಾಗ ಫೋನಿಗೆ ಒಟಿಪಿ ಬರುವಂತೆ ಮಾಡಲಾಯಿತು. ಮಲೆನಾಡಿನ ಆಷಾಢದಲ್ಲಿ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆಯ ಇನ್ವರ್ಟರಿಗೆ ಫ್ಯಾನು ಮತ್ತು ದೀಪಗಳನ್ನು ಮಾತ್ರ ಜೋಡಿಸಿದ್ದರಿಂದ ರೂಟರ್ ಆರಿಹೋಗಿ ಕ್ಯಾಮೆರಾ ಕುರುಡಾಗುತ್ತಿತ್ತು. ರೂಟರಿಗೊಂದು ಸಣ್ಣ ಯುಪಿಎಸ್ ಹಾಕಿಸಿ, ಕ್ಯಾಮೆರಾದ ಪ್ಲಗ್ಗನ್ನು ಇನ್ವರ್ಟರಿನ ಸಾಲಿಗೆ ಬದಲಿಸಿದ ಮೇಲೆ ಆ ತೊಂದರೆ ತೀರಿತು.

ರಾತ್ರಿಯ ಚಿತ್ರದ್ದು ಬೇರೆಯೇ ಸಮಸ್ಯೆ. ಕತ್ತಲಲ್ಲಿ ಇಂತಹ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕು ಬೀರಿ ನೋಡುತ್ತದೆ. ಸೊಳ್ಳೆಪರದೆ ಕಟ್ಟಿದ ಕೂಡಲೇ ಆ ಬೆಳಕು ಪರದೆಗೆ ತಾಗಿ ಹಿಂದಿರುಗಿ, ಪರದೆಯೇ ಬೆಳ್ಳಗೆ ಹೊಳೆದು, ಒಳಗೆ ಮಲಗಿದವರು ಮಸುಕಾಗಿಬಿಡುತ್ತಿದ್ದರು. ಶಿವಮೊಗ್ಗದಲ್ಲಿ ಪರದೆ ಬಿಟ್ಟು ಮಲಗುವಂತಿಲ್ಲ. ಕೊನೆಗೆ ಇನ್‌ಫ್ರಾರೆಡ್ಡನ್ನು ಆರಿಸಿ, ಮಂಚದ ಕಾಲಬದಿಯಲ್ಲಿ ನೆಲಮಟ್ಟಕ್ಕೆ ಒಂದು ಮಂದ ಹಳದಿ ದೀಪ ಹಾಕಲಾಯಿತು. ಚಿತ್ರ ಒಪ್ಪುವಷ್ಟು ಸ್ಪಷ್ಟವಾಯಿತು. ರಾತ್ರಿ ಎದ್ದಾಗ ಅವರಿಗೆ ನೆಲ ಕಾಣತೊಡಗಿದ್ದು ಅದಕ್ಕಿಂತ ಹೆಚ್ಚಿನ ಉಪಕಾರ.

ಎಚ್ಚರಿಕೆಯ ಸಂದೇಶಗಳು ಮೊದಲ ವಾರದಲ್ಲೇ ಅರ್ಥ ಕಳೆದುಕೊಂಡವು. ಫ್ಯಾನಿಗೆ ಪರದೆ ಅಲ್ಲಾಡಿದರೆ ಸಂದೇಶ, ಗೋಡೆಯ ಹಲ್ಲಿ ಕ್ಯಾಮೆರಾದ ಮುಂದೆ ಹಾದರೆ ಸಂದೇಶ. ಅದಕ್ಕಿಂತ ಮುಖ್ಯವಾಗಿ, ಹತ್ತನೇ ತರಗತಿಗೆ ಪಾಠ ಮಾಡುತ್ತಿರುವ ಶಿಕ್ಷಕಿ ಫೋನನ್ನು ಸ್ಟಾಫ್ ರೂಮಿನಲ್ಲಿಟ್ಟು ಹೋಗಿರುತ್ತಾರೆ. ನಡುವೆ ನೋಡಿದರೂ, ಬಿದ್ದಿದ್ದಾರೆ ಎಂದು ತಿಳಿದರೂ, ಮುಕ್ಕಾಲು ಗಂಟೆಯ ದೂರದಿಂದ ಅವರು ಮಾಡಬಹುದಾದದ್ದು ಯಾರಿಗಾದರೂ ಫೋನು ಮಾಡುವುದು. ಹಾಗಾದರೆ ಆ ಯಾರಾದರೂ ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ಜೋಡಣೆಯ ನಿಜವಾದ ಕೆಲಸ ಎಂದು ನಾವು ಪಟ್ಟುಹಿಡಿದೆವು. ಎದುರು ಮನೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ದಂಪತಿ ಇದ್ದರು; ಹಗಲಿಡೀ ಅಲ್ಲೇ ಇರುವವರು. ಅವರಿಗೆ ಬಾಗಿಲಿನ ಒಂದು ಬೀಗದಕೈ ಕೊಡಲಾಯಿತು. ಮಧ್ಯಾಹ್ನ ಮೂರಕ್ಕೆ ಒಮ್ಮೆ, ನಾಲ್ಕೂವರೆಗೆ ಒಮ್ಮೆ ಆ ಮನೆಯಾಕೆ ಒಳಗೆ ಇಣುಕಿ, ನೀರು ಕುಡಿಸಿ ಹೋಗತೊಡಗಿದರು. ಜೊತೆಗೆ ಮನೆಬಾಗಿಲಿಗೆ ಹಾಕುವ ವೈರ್‌ಲೆಸ್ ಕರೆಗಂಟೆಯೊಂದನ್ನು ಕೊಂಡು, ಒತ್ತುವ ಗುಂಡಿಯನ್ನು ಪತಿಯ ಕೊರಳಿಗೆ ದಾರದಲ್ಲಿ ಕಟ್ಟಿ, ಗಂಟೆಯ ಪೆಟ್ಟಿಗೆಯನ್ನು ಎದುರು ಮನೆಗೆ ಕೊಟ್ಟೆವು. ಗಿರಣಿಯ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ಆಕೆಯ ಅಡುಗೆಮನೆಗೆ ಸ್ಥಳಾಂತರಿಸಿದ ಮೇಲೆ ಕೇಳಿಸಿತು. ಈ ಪ್ರಕರಣದಲ್ಲಿ ಮುಂದೆ ಪತಿ ಬಿದ್ದಾಗಲೆಲ್ಲ ಅವರನ್ನು ನೆಲದಿಂದ ಬೇಗ ಎಬ್ಬಿಸಿದ್ದು ಆ ಗಂಟೆ ಮತ್ತು ಆ ಬೀಗದಕೈ. ಅಲ್ಲಿ ಕ್ಯಾಮೆರಾದ ಪಾಲು ಏನೂ ಇರಲಿಲ್ಲವೆಂದೇ ಹೇಳಬೇಕು.

ದಾಖಲೆಯಲ್ಲಿ ಕಂಡದ್ದು

ಕ್ಯಾಮೆರಾ ಉಪಕಾರಕ್ಕೆ ಬಂದದ್ದು ನಾವು ಯಾರೂ ಎಣಿಸದಿದ್ದ ಕಡೆಯಿಂದ. ಮೂರನೆಯ ವಾರದಲ್ಲಿ ಅವರು ಮತ್ತೊಮ್ಮೆ ಅದೇ ಹೊಸ್ತಿಲ ಬಳಿ ಎಡವಿದಾಗ, ಪತ್ನಿ ಭಾನುವಾರ ಕುಳಿತು ಕಾರ್ಡಿನಲ್ಲಿದ್ದ ಅಷ್ಟೂ ದಿನಗಳ ಹಗಲಿನ ದಾಖಲೆಯನ್ನು ವೇಗವಾಗಿ ಓಡಿಸಿ ನೋಡಿದರು. ಶಿಕ್ಷಕಿಯ ಶಿಸ್ತಿನಿಂದ ಅಂಕಪಟ್ಟಿಯಂತೆ ಒಂದು ಪುಸ್ತಕದಲ್ಲಿ ಗೆರೆ ಎಳೆದು, ನಡಿಗೆ ಸರಾಗವಾಗಿದ್ದ ಹೊತ್ತು, ಕಾಲು ನೆಲಕ್ಕೆ ಅಂಟಿಕೊಂಡಂತಾದ ಹೊತ್ತು, ತೂಕಡಿಸಿದ ಹೊತ್ತು, ಮಾತ್ರೆ ಕೊಟ್ಟ ಹೊತ್ತು ಇವನ್ನು ಬರೆದಿಟ್ಟರು. ಬರೆದ ಮೇಲೆ ಒಂದು ಕ್ರಮ ಕಂಡಿತು. ಅವರು ತಡವರಿಸಿದ್ದು, ಬಿದ್ದದ್ದು, ಬೀಳುವಂತಾದದ್ದು ಬಹುಪಾಲು ಹನ್ನೊಂದೂವರೆಯ ನಂತರ ಮತ್ತು ಮೂರರ ಸುಮಾರಿಗೆ.

ಇದಕ್ಕೆ ಕಾರಣವನ್ನು ತಿಳಿಯಲು ಔಷಧದ ಸ್ವಭಾವ ಗೊತ್ತಿರಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತ ಹೋಗುತ್ತವೆ. ಆ ಕೊರತೆಯನ್ನು ತುಂಬಲು, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾವನ್ನು, ಅದು ದಾರಿಯಲ್ಲೇ ವ್ಯಯವಾಗದಂತೆ ತಡೆಯುವ ಕಾರ್ಬಿಡೋಪಾದ ಜೊತೆ ಕೊಡುತ್ತಾರೆ. ರಕ್ತದಲ್ಲಿ ಲೆವೊಡೋಪಾದ ಪ್ರಮಾಣ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಮಿದುಳು ಅದನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಳಸಬಲ್ಲದು; ವರ್ಷಗಳು ಕಳೆದಂತೆ ಆ ಸಾಮರ್ಥ್ಯ ಕುಗ್ಗಿ, ಮುಂದಿನ ಮಾತ್ರೆಯ ಹೊತ್ತು ಬರುವ ಮೊದಲೇ ಹಿಂದಿನದರ ಬಲ ಇಳಿದುಬಿಡುತ್ತದೆ. ಇವರಿಗೆ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಎಂಟಕ್ಕೆ ಮಾತ್ರೆ. ಹನ್ನೊಂದೂವರೆಯ ಕಷ್ಟ ಹೀಗೆ ವಿವರಣೆಗೆ ಸಿಕ್ಕಿತು. ಮೂರರದ್ದು ಸಿಗಲಿಲ್ಲ, ದಾಖಲೆಯನ್ನು ಮತ್ತೆ ನೋಡುವವರೆಗೆ. ಹನ್ನೆರಡರ ಮಾತ್ರೆಯನ್ನು ಕೆಲಸದಾಕೆ ಒಂದು ಗಂಟೆಗೆ, ಅನ್ನ, ಬೇಳೆಯ ತೊವ್ವೆ, ಮೊಸರಿನ ಊಟದ ಜೊತೆಗೆ ಕೊಡುತ್ತಿದ್ದರು. ಹೊಟ್ಟೆಗೆ ಏನಾದರೂ ಹಾಕಿ ಮಾತ್ರೆ ಕೊಡುವುದು ನಮ್ಮ ಮನೆಗಳಲ್ಲಿ ಅಕ್ಕರೆಯ ಲಕ್ಷಣ. ಆಕೆಗೆ ಬೇರೆ ರೀತಿ ಹೇಳಿದವರೂ ಇರಲಿಲ್ಲ. ಲೆವೊಡೋಪಾ ವಿಷಯದಲ್ಲಿ ಮಾತ್ರ ಅದು ಕೆಡುಕು. ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು ಮತ್ತು ಲೆವೊಡೋಪಾ ಕರುಳಿನಲ್ಲಿಯೂ ಮಿದುಳಿನ ಬಾಗಿಲಲ್ಲಿಯೂ ಒಂದೇ ದಾರಿಗಾಗಿ ಪೈಪೋಟಿ ನಡೆಸುತ್ತವೆ. ಮಧ್ಯಾಹ್ನದ ಮಾತ್ರೆ ಪೂರ್ತಿಯಾಗಿ ಏರುತ್ತಲೇ ಇರಲಿಲ್ಲ.

ಪತ್ನಿ ಆ ಪುಸ್ತಕವನ್ನೂ, ಫೋನಿನಲ್ಲಿ ಐದಾರು ತುಣುಕುಗಳನ್ನೂ ನರರೋಗ ತಜ್ಞರ ಬಳಿಗೆ ಒಯ್ದರು. ಆಸ್ಪತ್ರೆಗೆ ಹೋಗುವ ದಿನ ರೋಗಿ ಮಾತ್ರೆ ನುಂಗಿ, ಎಚ್ಚರವಾಗಿ, ಒಳ್ಳೆಯ ಹೊತ್ತಿನಲ್ಲೇ ವೈದ್ಯರ ಮುಂದೆ ನಡೆದು ತೋರಿಸುತ್ತಾರೆ. ಮನೆಯ ಮೂರು ಗಂಟೆ ಆ ಕೋಣೆಗೆ ಬರುವುದಿಲ್ಲ. ಈ ಸಲ ಬಂದಿತು. ವೈದ್ಯರು ಒಂದೊಂದು ಸಲದ ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡಿ, ದಿನಕ್ಕೆ ಐದು ಸಲಕ್ಕೆ ಹಂಚಿದರು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕೆಂದೂ, ಬೇಳೆ ಮತ್ತು ಮೊಸರನ್ನು ಹೆಚ್ಚಾಗಿ ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಬೇಕೆಂದೂ ಸೂಚಿಸಿದರು. ಮಂಚದಿಂದೆದ್ದ ಕೂಡಲೇ ಅವರು ಓಲಾಡುವ ತುಣುಕನ್ನು ನೋಡಿ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ದೋಷವೆಂದು ಗಣಿಸುತ್ತಾರೆ. ಇವರಿಗೆ ಮೇಲಿನದು 30ರಷ್ಟು ಇಳಿದಿತ್ತು. ಎಷ್ಟೋ ವರ್ಷಗಳ ಹಿಂದೆ ಬಿಪಿಗೆಂದು ಆರಂಭವಾಗಿ ಯಾರೂ ಮರುಪರಿಶೀಲಿಸದೆ ನಡೆದುಬಂದಿದ್ದ ಮಾತ್ರೆಯನ್ನು ನಿಲ್ಲಿಸಲಾಯಿತು.

ಹೊಸ್ತಿಲ ವಿಷಯವೂ ದಾಖಲೆಯಿಂದಲೇ ತಿಳಿಯಿತು. ಇಕ್ಕಟ್ಟಾದ ಬಾಗಿಲು, ನೆಲದ ಬಣ್ಣ ಬದಲಾಗುವ ಜಾಗ, ತಿರುವು ಇಂತಹ ಕಡೆ ಪಾರ್ಕಿನ್ಸನ್ ರೋಗಿಯ ಪಾದ ಸ್ತಬ್ಧವಾಗುವುದುಂಟು. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಬರುವುದಿಲ್ಲ. ನಮ್ಮ ತಂಡದ ಫಿಸಿಯೋಥೆರಪಿಸ್ಟ್ ಹೊಸ್ತಿಲಿನ ಎರಡೂ ಬದಿಗೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಅಡ್ಡಲಾಗಿ ಹಳದಿ ಟೇಪಿನ ಪಟ್ಟಿಗಳನ್ನು ಅಂಟಿಸಿದರು. ಕಣ್ಣಿಗೆ ಗುರಿಯೊಂದು ಸಿಕ್ಕಾಗ, ತಾನಾಗಿ ನಡೆಯಲಾರದ ಕಾಲು ಗೆರೆ ದಾಟಲು ಎದ್ದೇಳುತ್ತದೆ. ಟೇಪಿಗೆ ಕೆಲವೇ ರೂಪಾಯಿ. ಅದನ್ನು ಎಲ್ಲಿ ಅಂಟಿಸಬೇಕು ಎಂಬ ಅರಿವು ಕ್ಯಾಮೆರಾದಿಂದ ಬಂದದ್ದು.

ರಾತ್ರಿಗಳು

ಈ ಭಾಗವನ್ನು ಬರೆಯಲು ಪತ್ನಿ ವಿಶೇಷವಾಗಿ ಅನುಮತಿ ಕೊಟ್ಟರು. ಎರಡು ವರ್ಷಗಳಿಂದ ಪತಿ ರಾತ್ರಿ ಮಲಗಿದಲ್ಲಿಯೇ ಕೂಗುತ್ತ, ಕೈ ಬೀಸುತ್ತ, ಕೆಲವೊಮ್ಮೆ ಪಕ್ಕದಲ್ಲಿದ್ದ ಅವರಿಗೆ ಹೊಡೆದದ್ದೂ ಇತ್ತು. ಭುಜದ ಮೇಲಿನ ಕಂದುಗಟ್ಟಿದ ಗುರುತನ್ನು ಅವರು ಯಾರಿಗೂ ತೋರಿಸಿರಲಿಲ್ಲ. ಮೂವತ್ತು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ಕೈ ಎತ್ತದ ಮನುಷ್ಯನಿಗೆ ಕಾಯಿಲೆಯಿಂದ ತಮ್ಮ ಮೇಲೆ ಸಿಟ್ಟು ಬೆಳೆದಿದೆ ಎಂದೇ ಅವರು ನಂಬಿದ್ದರು. ದಾಖಲೆಯಲ್ಲಿ ಕಂಡದ್ದು ಬೇರೆ. ಅವರು ಏಳುತ್ತಿರಲಿಲ್ಲ, ಯಾರ ಕಡೆಗೂ ತಿರುಗುತ್ತಿರಲಿಲ್ಲ, ಕೈ ಬೀಸಿ ಮುಗಿದ ಮೇಲೆ ಹಾಗೆಯೇ ನಿದ್ದೆಯಲ್ಲಿ ಮುಂದುವರಿಯುತ್ತಿದ್ದರು. ಕನಸು ಕಾಣುವಾಗ ನಮ್ಮ ಸ್ನಾಯುಗಳು ಸಡಿಲಗೊಂಡು, ಕಟ್ಟಿಹಾಕಿದಂತೆ ಅಲುಗದೆ ಇರುತ್ತವೆ. ಪಾರ್ಕಿನ್ಸನ್ ಇರುವ ಹಲವರಲ್ಲಿ ಆ ಕಟ್ಟು ಬಿಚ್ಚಿಹೋಗಿ ಕನಸನ್ನು ಮೈಯಿಂದಲೇ ಆಡುತ್ತಾರೆ. ನಡುಕ ಕಾಣಿಸುವುದಕ್ಕೆ ವರ್ಷಗಳ ಮೊದಲೇ ಈ ಲಕ್ಷಣ ಆರಂಭವಾಗುವುದೂ ಉಂಟು. ವೈದ್ಯರು ಅದನ್ನು ವಿವರಿಸಿ ಔಷಧ ಕೊಟ್ಟರು. ದಂಪತಿಯ ಮಂಚಗಳನ್ನು ಒಂದು ಮೊಳ ಅಂತರಕ್ಕೆ ಸರಿಸಲಾಯಿತು. ಪತ್ನಿ ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಆ ಒಂದು ತಿಳಿವಳಿಕೆಗಾಗಿಯಾದರೂ ಕ್ಯಾಮೆರಾ ಹಾಕಿದ್ದು ಸಾರ್ಥಕವೆಂದು ನಾನು ಮನಸಾರೆ ಹೇಳಬಲ್ಲೆ.

ಇದೇ ಕ್ಯಾಮೆರಾದಿಂದ ಮನೆಯಲ್ಲಿ ದೊಡ್ಡ ಮನಸ್ತಾಪವೂ ಹುಟ್ಟಿತು. ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ಮ್ಯೂನಿಕ್‌ನಲ್ಲಿ ಬೇಸಿಗೆಯಾದರೆ ಹತ್ತೂವರೆ, ಚಳಿಗಾಲವಾದರೆ ಒಂಬತ್ತೂವರೆ. ಅಮ್ಮ ನಿದ್ರಿಸುವ ಹೊತ್ತಿಗೆ ತಾನು ಎಚ್ಚರವಿರುತ್ತೇನೆ, ರಾತ್ರಿಯ ಕಾವಲು ತನ್ನದಿರಲಿ ಎಂದು ಮಗಳು ಪ್ರೀತಿಯಿಂದಲೇ ವಹಿಸಿಕೊಂಡಿದ್ದಳು. ಒಂದು ರಾತ್ರಿ ಅಪ್ಪ ಒಬ್ಬರೇ ಎದ್ದು ಕೂತದ್ದನ್ನು ಕಂಡು, ಕ್ಯಾಮೆರಾದ ಸ್ಪೀಕರಿನಿಂದ, "ಅಪ್ಪ, ಏಳಬೇಡಿ, ಅಮ್ಮನ್ನ ಕರೀರಿ" ಎಂದಳು. ಕತ್ತಲಲ್ಲಿ ಗೋಡೆಯಿಂದ ಬಂದ ಧ್ವನಿಗೆ ಅವರು ಬೆಚ್ಚಿ ಮಂಚದಿಂದ ಜಾರಿದರು. ಈ ಕಾಯಿಲೆಯಲ್ಲಿ, ಅದರ ಔಷಧದಲ್ಲಿ, ಇಲ್ಲದ ಜನ ಕಾಣಿಸುವ ಭ್ರಮೆ ಬರುವ ಸಾಧ್ಯತೆಯಿದೆ; ಅಂತಹವರಿಗೆ ಗೋಡೆ ಮಾತಾಡುವುದು ಎಷ್ಟು ಭೀಕರವಾಗಿರಬಹುದು ಎಂಬುದನ್ನು ಊಹಿಸಿಕೊಳ್ಳಬೇಕು. ಅಂದಿನಿಂದ ಸ್ಪೀಕರನ್ನು ಬಂದ್ ಮಾಡಲಾಯಿತು. ಕ್ಯಾಮೆರಾದ ಮೂಲಕ ಮಾತಾಡುವ ಸೌಲಭ್ಯವನ್ನು ಯಾವ ನರರೋಗಿಯ ಕೋಣೆಯಲ್ಲಿಯೂ ರಾತ್ರಿ ಬಳಸಬಾರದು ಎಂದು ನಾವು ಈಗ ಎಲ್ಲ ಮನೆಗಳಲ್ಲಿಯೂ ಹೇಳುತ್ತೇವೆ.

ಎರಡನೆಯ ಘಟನೆ ಇನ್ನೂ ಕಠಿಣ. ರಾತ್ರಿ ನಾಲ್ಕನೇ ಸಲವೋ ಐದನೇ ಸಲವೋ ಮೂತ್ರಕ್ಕೆಂದು ಎಬ್ಬಿಸಿದಾಗ ಪತ್ನಿ, "ಎಷ್ಟು ಸಲ ರೀ? ನನಗೂ ಬೆಳಿಗ್ಗೆ ಏಳಬೇಕು" ಎಂದು ಗದರಿ, ಕೈ ಹಿಡಿದು ಒರಟಾಗಿ ಎಳೆದರು. ಮಗಳು ಅದನ್ನು ನೋಡಿದಳು, ಕೇಳಿದಳು. ಬೆಳಗಾಗುವಷ್ಟರಲ್ಲಿ ಅಳುತ್ತ ಫೋನು ಮಾಡಿ, "ಅಮ್ಮ, ಅಪ್ಪನ ಜೊತೆ ಹೀಗಾ ನಡ್ಕೊಳ್ಳೋದು?" ಎಂದು ಕೇಳಿದಳು. ತಾಯಿ ಉತ್ತರಿಸಲಿಲ್ಲ. ಆ ರಾತ್ರಿಯಿಂದ ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿ ಮಲಗತೊಡಗಿದರು.

ರೋಗಿಯನ್ನು ನೋಡಲು ಇಟ್ಟ ಕ್ಯಾಮೆರಾ ಕ್ರಮೇಣ ಆರೈಕೆ ಮಾಡುವವರನ್ನು ನೋಡತೊಡಗುತ್ತದೆ. ದೂರದಲ್ಲಿರುವ ಮಕ್ಕಳಿಗೆ ತಾವು ನೋಡುತ್ತಿರುವುದು ಪ್ರೀತಿಯ ಕೆಲಸವೆಂದೇ ಅನ್ನಿಸುತ್ತದೆ. ಇತ್ತ, ರಾತ್ರಿ ಎರಡಕ್ಕೆ ಮೂತ್ರದ ಪಾತ್ರೆ ಹಿಡಿದು ನಿಂತವರಿಗೆ ಮೇಲಧಿಕಾರಿಯೊಬ್ಬರು ಹಿಂದೆ ನಿಂತಂತೆ ಆಗುತ್ತದೆ. ಇಬ್ಬರನ್ನೂ ವಿಡಿಯೋ ಕರೆಯಲ್ಲಿ ಕೂರಿಸಿ ಮಾತಾಡುವಾಗ ನಾನು ಮಗಳಿಗೆ ಆ ಒಂದು ನಿಮಿಷವನ್ನು ಬಿಟ್ಟು, ಆ ಇಡೀ ರಾತ್ರಿಯ ದಾಖಲೆಯನ್ನು ನೋಡಲು ಹೇಳಿದೆ. ಹನ್ನೊಂದರಿಂದ ಐದರವರೆಗೆ ಅವಳ ತಾಯಿ ಆರು ಸಲ ಎದ್ದಿದ್ದರು. ಒಂದೂವರೆ ಗಂಟೆ ಒಟ್ಟಿಗೆ ಮಲಗಿದ್ದು ಒಮ್ಮೆಯೂ ಇರಲಿಲ್ಲ. ಹಿಂದಿನ ರಾತ್ರಿಗಳೂ ಹಾಗೆಯೇ. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮ, ನೀವು ಯಾಕೆ ಹೇಳಲಿಲ್ಲ?" ಎಂದಳು. ಅಲ್ಲಿಂದ ಮಾತಿನ ದಿಕ್ಕು ಬದಲಾಯಿತು. ವಾರಕ್ಕೆ ಮೂರು ರಾತ್ರಿ ಒಬ್ಬ ಪುರುಷ ಸಹಾಯಕರನ್ನು ನೇಮಿಸಿಕೊಳ್ಳುವ ಖರ್ಚನ್ನು ಮಗಳು ವಹಿಸಿಕೊಂಡಳು. ತೀರ್ಥಹಳ್ಳಿಯ ಕಡೆ ಅಡಿಕೆ ತೋಟ ನೋಡಿಕೊಂಡಿರುವ ಪತಿಯ ತಮ್ಮ, ತಿಂಗಳಿಗೆ ಎರಡು ಶನಿವಾರ ಬಂದು ಉಳಿಯಲು ಒಪ್ಪಿದರು. ರಾತ್ರಿಯ ನೇರ ಚಿತ್ರ ಮಗಳಿಗೆ ಕಾಣದಂತೆ ಮಾಡಿ, ಧ್ವನಿ ದಾಖಲಾಗುವುದನ್ನು ಪೂರ್ತಿ ನಿಲ್ಲಿಸಲಾಯಿತು. ಅದನ್ನು ಕೇಳಿಕೊಂಡದ್ದು ಮಗಳೇ.

ಕೆಲಸದಾಕೆಯ ಪ್ರಶ್ನೆ

ಇಲ್ಲಿ ಮನೆಯವರು ಮೊದಲ ದಿನವೇ ಸರಿಯಾಗಿ ನಡೆದುಕೊಂಡಿದ್ದರು ಎನ್ನಲಾಗದು. ಕ್ಯಾಮೆರಾ ಹಾಕಿದ ವಿಷಯವನ್ನು ಕೆಲಸದಾಕೆಗೆ ಹೇಳಿದ್ದು ನಾಲ್ಕು ದಿನಗಳ ನಂತರ. "ನನ್ನ ಮೇಲೆ ಅನುಮಾನನಾ ಟೀಚರಮ್ಮ?" ಎಂದು ಆಕೆ ಕೇಳಿದರು, ಮರುದಿನ ಕೆಲಸಕ್ಕೆ ಬರಲಿಲ್ಲ. ಶಿಕ್ಷಕಿ ಅವರ ಮನೆಗೆ ಹೋಗಿ, ಫೋನಿನಲ್ಲಿ ಚಿತ್ರ ತೋರಿಸಿ, ಯಾವ ಜಾಗ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ತಿಳಿಸಿದರು. ಆಕೆ ಕುಳಿತು ಊಟ ಮಾಡುವ ಜಾಗ ಚಿತ್ರದ ಅಂಚಿನಲ್ಲಿ ಬರುತ್ತಿತ್ತು. ಕ್ಯಾಮೆರಾವನ್ನು ಆ ಕಡೆಯಿಂದ ತಿರುಗಿಸಲಾಯಿತು. ಮಾತ್ರೆಯ ಹೊತ್ತು ತಪ್ಪಿದ್ದು ದಾಖಲೆಯಿಂದ ತಿಳಿದಾಗ ಅದನ್ನು ಆಕೆಯ ತಪ್ಪೆಂದು ಎತ್ತಿ ಆಡಬಾರದು ಎಂದು ನಾವು ಮುಂಚಿತವಾಗಿಯೇ ಮಾತಾಡಿಕೊಂಡಿದ್ದೆವು. ಕಾರಣ ತಿಳಿಸಿದ ಮೇಲೆ ಆಕೆ ಮಾತ್ರೆಯ ಹೊತ್ತಿಗೆ ತಮ್ಮ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡರು. ಇಂದಿಗೂ ಒಂದು ಹೊತ್ತೂ ತಪ್ಪಿಲ್ಲ.

ಈಗಿನ ಸ್ಥಿತಿ

ಹದಿನಾಲ್ಕು ತಿಂಗಳ ನಂತರ ಕಾಯಿಲೆ ಮುಂದುವರಿದಿದೆ. ಮಾತ್ರೆಯ ಹೊತ್ತು ಸರಿಪಡಿಸಿದ ಮೇಲೆ ಬೀಳುವುದು ಬಹಳ ಕಡಿಮೆಯಾಗಿ, ಆರೇಳು ತಿಂಗಳು ಅವರು ಸಂಜೆ ಅಂಗಳದಲ್ಲಿ ಕೋಲು ಹಿಡಿದು ನಡೆಯುವಂತಾಗಿದ್ದರು. ಈಚೆಗೆ ಗಾಲಿಕುರ್ಚಿಯ ಬಳಕೆ ಹೆಚ್ಚಿದೆ. ಹಜಾರದ ಕ್ಯಾಮೆರಾದ ನೇರ ಚಿತ್ರವನ್ನು ಈಗ ಯಾರೂ ನೋಡುವುದಿಲ್ಲ. ಎದುರು ಮನೆಯ ಬೀಗದಕೈ, ಕೊರಳ ಗಂಟೆ, ರಾತ್ರಿಯ ಸಹಾಯಕ ಇವು ಮುಂದುವರಿದಿವೆ. ವೈದ್ಯರ ಭೇಟಿಗೆ ಹತ್ತು ದಿನ ಮೊದಲು ಮಾತ್ರ ಪತ್ನಿ ದಾಖಲೆಯನ್ನು ನೋಡಿ, ಹಳೆಯ ಪುಸ್ತಕದಲ್ಲಿ ಗೆರೆ ಎಳೆದು ಬರೆಯುತ್ತಾರೆ.

ಕಳೆದ ತಿಂಗಳು ಪತಿ ತಾವಾಗಿಯೇ ಒಂದು ಬದಲಾವಣೆ ಕೇಳಿದರು. ಊಟ ಮಾಡುವಾಗ, ಅದರಲ್ಲಿಯೂ ನೀರು ಮತ್ತು ತಿಳಿಸಾರು ಕುಡಿಯುವಾಗ ಕೆಮ್ಮು ಬರುತ್ತಿದೆ, ಆಸ್ಪತ್ರೆಯಲ್ಲಿ ಕೇಳಿದರೆ ಅಷ್ಟು ಹೊತ್ತಿಗೆ ಬರುವುದಿಲ್ಲ, ಆದ್ದರಿಂದ ಹಜಾರದ ಕ್ಯಾಮೆರಾವನ್ನು ಊಟದ ಮೇಜಿನ ಕಡೆಗೆ ಒಂದು ವಾರ ತಿರುಗಿಸಬೇಕು ಎಂಬುದು ಅವರ ಸೂಚನೆ. ನುಂಗುವ ತೊಂದರೆ ಈ ಕಾಯಿಲೆಯಲ್ಲಿ ನ್ಯುಮೋನಿಯಾಕ್ಕೆ ದಾರಿಯಾಗುವುದರಿಂದ ಅವರ ಎಣಿಕೆ ಸರಿಯಾಗಿಯೇ ಇತ್ತು. ತುಣುಕುಗಳನ್ನು ನೋಡಿದ, ಮಾತು ಮತ್ತು ನುಂಗುವ ತೊಂದರೆಗಳಿಗೆ ಚಿಕಿತ್ಸೆ ಕೊಡುವ ವಾಕ್ ಚಿಕಿತ್ಸಕರು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗುವ ಅಭ್ಯಾಸವನ್ನು ಕಲಿಸಿ, ತೆಳುವಾದ ಪದಾರ್ಥಗಳನ್ನು ಸ್ವಲ್ಪ ಗಟ್ಟಿ ಮಾಡಿ ಕೊಡಲು ತಿಳಿಸಿದ್ದಾರೆ. ಸಾರಿಗೆ ಈಗ ಸ್ವಲ್ಪ ಅಕ್ಕಿಹಿಟ್ಟು ಕದಡಿ ಕುದಿಸುತ್ತಾರೆ. ಕ್ಯಾಮೆರಾ ಇನ್ನೂ ಎರಡು ವಾರ ಮೇಜಿನ ಕಡೆಗೇ ಇರಲಿದೆ.